ಓದಿನ ದಾಸೋಹ



ದಾಸೋಹವೆಂದೊಡನೆ ಭಕ್ತರ ಮನಸ್ಸಿಗೆ ಮೊದಲು ಬರುವುದು ಅನ್ನದಾಸೋಹ. ಪ್ರಸಾದನಿಲಯದಲ್ಲಿ ಸಾಲಾಗಿ ಕುಳಿತ ಮಕ್ಕಳು, ಹಬೆಯಾಡುವ ಅನ್ನದ ಕೊಪ್ಪರಿಗೆ, ಜೋಳದ ರೊಟ್ಟಿಯ ಬುಟ್ಟಿ ಕಣ್ಣಮುಂದೆ ನಿಲ್ಲುತ್ತವೆ. ಇದು ಸಹಜವೂ ಹೌದು. ಹಸಿದವನಿಗೆ ಅನ್ನವೇ ಮೊದಲ ಉಪದೇಶ. ಆದರೆ ಶರಣರು ದಾಸೋಹವನ್ನು ಅನ್ನಕ್ಕೆ ಮಾತ್ರ ಸೀಮಿತಗೊಳಿಸಲಿಲ್ಲ. ತನು, ಮನ, ಧನ ಈ ಮೂರನ್ನೂ ಗುರು, ಲಿಂಗ, ಜಂಗಮಕ್ಕೆ ಸಲ್ಲಿಸುವ ತ್ರಿವಿಧ ದಾಸೋಹವನ್ನು ಅವರು ಬೋಧಿಸಿದರು. ತನುವಿನ ದಾಸೋಹವು ದುಡಿಮೆಯಿಂದ ಆಗುತ್ತದೆ. ಧನದ ದಾಸೋಹವು ಗಳಿಕೆಯಿಂದ ಆಗುತ್ತದೆ. ಮನದ ದಾಸೋಹವನ್ನು ಮಾಡುವ ಬಗೆ ಹೇಗೆ? ಮನಸ್ಸಿನಲ್ಲಿ ಸಂಗ್ರಹವಾದ ಅರಿವನ್ನು ಮತ್ತೊಬ್ಬರ ಮುಂದೆ ಇಡುವುದರಿಂದ ಎಂದು ಉತ್ತರಿಸಬಹುದು. ತಾನು ಓದಿದ ಒಳ್ಳೆಯ ಗ್ರಂಥವೊಂದನ್ನು ಸಹ ಓದುಗನಿಗೆ ಪರಿಚಯಿಸಿ, 'ಇದನ್ನು ಓದಿ ನೋಡಿ' ಎಂದು ಕೈಗಿಡುವುದು ಈ ಮನದ ದಾಸೋಹದ ಅತ್ಯಂತ ಸರಳವಾದ ರೂಪ. ಅನ್ನವನ್ನು ಬಡಿಸಿದರೆ ಪಾತ್ರೆಯು ಬರಿದಾಗುತ್ತದೆ. ಅರಿವನ್ನು ಬಡಿಸಿದವನಲ್ಲಿ ಅದು ಇನ್ನಷ್ಟು ಉಳಿಯುತ್ತದೆ.

ಶರಣ ಪರಂಪರೆಯಲ್ಲಿ ಓದು ಎಂದಿಗೂ ಒಬ್ಬನೇ ಮೂಲೆಯಲ್ಲಿ ಕುಳಿತು ಮಾಡುವ ಕೆಲಸವಾಗಿರಲಿಲ್ಲ ಎಂಬುದು ಗಮನಾರ್ಹವಾದ ಸಂಗತಿ. ಅನುಭವಮಂಟಪದ ಗೋಷ್ಠಿಯಲ್ಲಿ ಒಬ್ಬ ಶರಣನ ಮಾತು ಇನ್ನೊಬ್ಬನ ಮಾತನ್ನು ಎಬ್ಬಿಸುತ್ತಿತ್ತು. ಮುಂದೆ 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಆ ವಚನಗಳನ್ನೆಲ್ಲ ಓದಿ, ಆರಿಸಿ, ಸಂವಾದದ ರೂಪದಲ್ಲಿ ಜೋಡಿಸಿ 'ಶೂನ್ಯಸಂಪಾದನೆ'ಯನ್ನು ರಚಿಸಿದನು. ಅವನ ಕೃತಿಯನ್ನು ಓದಿದ ಹಲಗೆಯಾರ್ಯನು ತನ್ನದೊಂದು ಸಂಪಾದನೆಯನ್ನು ಸಿದ್ಧಪಡಿಸಿದನು. ಆ ಬಳಿಕ ಗುಮ್ಮಳಾಪುರದ ಸಿದ್ಧಲಿಂಗಯತಿಯೂ ಗೂಳೂರು ಸಿದ್ಧವೀರಣಾಚಾರ್ಯರೂ ಅದನ್ನು ಮತ್ತೆ ಪರಿಷ್ಕರಿಸಿದರು. ನಾಲ್ವರು ಓದುಗರು ಒಂದರ ಹಿಂದೊಂದಾಗಿ ಒಂದೇ ವಸ್ತುವನ್ನು ಕೈಗೆತ್ತಿಕೊಂಡು, ತಮಗೆ ಕಂಡದ್ದನ್ನು ಸೇರಿಸಿ ಮುಂದಿನವನಿಗೆ ದಾಟಿಸಿದ ಕಥೆ ಇದು. ಹಿಂದಿನವನ ಕೃತಿ ಕೈಗೆ ಬಾರದಿದ್ದರೆ ಮುಂದಿನವನ ಕೃತಿಯೂ ಇರುತ್ತಿರಲಿಲ್ಲ.

ಓದಿದ್ದನ್ನು ಹಂಚಿಕೊಳ್ಳುವ ಈ ಕಾರ್ಯದ ಬೆಲೆಯನ್ನು ಆಧುನಿಕ ಕಾಲದಲ್ಲಿ ತಮ್ಮ ಇಡೀ ಬದುಕಿನಿಂದ ತೆತ್ತವರು ವಚನ ಪಿತಾಮಹ ಡಾ. ಫ. ಗು. ಹಳಕಟ್ಟಿಯವರು (1880–1964). ವೃತ್ತಿಯಿಂದ ಅವರು ವಕೀಲರು. ಅಂದಿನ ಬಿಜಾಪುರ, ಇಂದಿನ ವಿಜಯಪುರ ಅವರ ಕಾರ್ಯಕ್ಷೇತ್ರ. ಅವರು ಹುಡುಕಾಟಕ್ಕೆ ಹೊರಟ ಕಾಲದಲ್ಲಿ ವಚನಗಳ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ವಿಭೂತಿ, ಪತ್ರಿ, ಹೂವು ಅವುಗಳಿಗೆ ತಪ್ಪದೆ ಸಲ್ಲುತ್ತಿದ್ದವು; ದಾರವನ್ನು ಬಿಚ್ಚಿ ಓದುವವರು ಮಾತ್ರ ವಿರಳರಾಗಿದ್ದರು. ಹಳಕಟ್ಟಿಯವರು ಊರೂರು ತಿರುಗಿ ಅವುಗಳನ್ನು ಬೇಡಿ ತಂದರು, ಪ್ರತಿ ಮಾಡಿದರು, ಒಂದರೊಡನೆ ಒಂದನ್ನು ಹೋಲಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬೆಳಗಾವಿಯಲ್ಲಿ ಅಚ್ಚಾಗಿ ಹೊರಬಂದಿತು. 1925ರಲ್ಲಿ ಅವರು ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿ ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ತಮಗೆ ದೊರೆತ ಹೊಸ ಕಟ್ಟಿನಲ್ಲಿ ಏನಿದೆ, ಯಾವ ಶರಣನ ವಚನಗಳು ಸಿಕ್ಕಿವೆ, ಅವು ಏಕೆ ಮುಖ್ಯ ಎಂಬುದನ್ನು ಅವರು ಆ ಪತ್ರಿಕೆಯ ಮೂಲಕ ಓದುಗರ ಮುಂದೆ ಇಡುತ್ತ ಹೋದರು. ಪೂಜೆಗೊಳ್ಳುತ್ತಿದ್ದ ವಚನವನ್ನು ಓದಿನ ವಚನವನ್ನಾಗಿ ಮಾಡಿದ್ದೇ ಅವರ ಮಹತ್ಕಾರ್ಯ ಎಂಬುದರಲ್ಲಿ ಎರಡು ಮಾತಿಲ್ಲ.

ಹಳಕಟ್ಟಿಯವರಂಥ ಮಹಾನುಭಾವರ ಕಾರ್ಯವನ್ನು ಸ್ಮರಿಸುವುದು ಸುಲಭ. ಅದನ್ನು ಸಾಮಾನ್ಯ ಭಕ್ತನೊಬ್ಬನು ತನ್ನ ಅಳತೆಯಲ್ಲಿ ಮುಂದುವರಿಸುವುದು ಹೇಗೆ ಎಂಬುದೇ ಪ್ರಶ್ನೆ. ಉತ್ತರ ಕರ್ನಾಟಕದ ತಾಲೂಕು ಕೇಂದ್ರವೊಂದರಲ್ಲಿ ನಿವೃತ್ತ ಶಿಕ್ಷಕರೊಬ್ಬರು ಈ ಪ್ರಶ್ನೆಗೆ ತಮ್ಮದೇ ಆದ ಉತ್ತರವನ್ನು ಕಂಡುಕೊಂಡಿದ್ದಾರೆ. ಊರಿನವರು ಅವರನ್ನು ಮಾಸ್ತರರೆಂದೇ ಕರೆಯುತ್ತಾರೆ. ಅಲ್ಲಿನ ಮಠದಲ್ಲಿ ಸೋಮವಾರದ ಶಿವಾನುಭವ ಗೋಷ್ಠಿ ಮುಗಿದು ಜನ ಚದುರಿದ ಮೇಲೆ ಹತ್ತು ಹನ್ನೆರಡು ಮಂದಿ ಸಭಾಮಂಟಪದಲ್ಲಿಯೇ ಉಳಿಯುತ್ತಾರೆ. ಜಮಖಾನೆಯ ಮೇಲೆ ವರ್ತುಲಾಕಾರವಾಗಿ ಕುಳಿತು, ಆ ವಾರ ತಾವು ಓದಿದ್ದು ಯಾವ ಪುಸ್ತಕ, ಅದನ್ನು ಇನ್ನಾರು ಓದಬೇಕು ಎಂದು ಹೇಳಿಕೊಳ್ಳುತ್ತಾರೆ. ಈ ಕೂಟ ಆರಂಭವಾಗಿ ಹನ್ನೊಂದು ವರ್ಷಗಳಾಗಿವೆ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿಗಳೂ ಇಲ್ಲ. ಮಾಸ್ತರರು ಇಟ್ಟ ಮೂರು ನಿಯಮಗಳು ಮಾತ್ರ ಇವೆ.

ಮೊದಲನೆಯದು, ತಾನು ಪೂರ್ತಿ ಓದದ ಪುಸ್ತಕವನ್ನು ಇನ್ನೊಬ್ಬರಿಗೆ ಓದೆಂದು ಹೇಳಬಾರದು. ಎರಡನೆಯದು, ಪುಸ್ತಕವು ಚೆನ್ನಾಗಿದೆ ಎಂದು ಹೊಗಳಿ ಸುಮ್ಮನಾಗದೆ, ಅದು ಯಾರಿಗೆ ತಕ್ಕದ್ದು, ಏಕೆ ತಕ್ಕದ್ದು ಎಂಬುದನ್ನು ಹೇಳಬೇಕು. ಮೂರನೆಯದು, ಎರವಲು ಒಯ್ದವರು ವಹಿಯಲ್ಲಿ ಹೆಸರು ಬರೆದು ಒಯ್ಯಬೇಕು. ಒಂದು ತಿಂಗಳ ಬಳಿಕ ಹಿಂದಿರುಗಿಸಬೇಕು ಅಥವಾ ವಹಿಯಲ್ಲಿ ಬರೆದು ಇನ್ನೊಬ್ಬರಿಗೆ ದಾಟಿಸಬೇಕು. ಈ ನಿಯಮಗಳು ನೋಡಲು ಸರಳವಾಗಿವೆ. ಆದರೆ ಎರಡನೆಯ ನಿಯಮವನ್ನು ಪಾಲಿಸಲು ಓದುಗನು ಪುಸ್ತಕವನ್ನು ಅರಿತರೆ ಸಾಲದು, ಎದುರಿಗೆ ಕುಳಿತವನನ್ನೂ ಅರಿಯಬೇಕಾಗುತ್ತದೆ.

ಆ ಕೂಟದಲ್ಲಿ ಕಿರಾಣಿ ಅಂಗಡಿಯ ಮಾಲೀಕರೊಬ್ಬರಿದ್ದಾರೆ. ಅವರು ಭಕ್ತಿಯಿಂದ 'ಸಮಗ್ರ ವಚನ ಸಂಪುಟ'ದ ಹದಿನೈದೂ ಸಂಪುಟಗಳನ್ನು ಕೊಂಡು ತಂದರು. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಈ ಮಾಲೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಅಡಕವಾಗಿವೆ. ಅಂಗಡಿಯವರು ಮೊದಲ ಸಂಪುಟದ ಮೊದಲ ಪುಟದಿಂದ ಆರಂಭಿಸಿ ಬಸವಣ್ಣನವರ ವಚನಗಳನ್ನು ಮುಗಿಸಿದರು. ಎರಡನೆಯ ಸಂಪುಟದಲ್ಲಿ ಅಲ್ಲಮಪ್ರಭುವಿನ ಬೆಡಗಿನ ವಚನಗಳ ಎದುರು ನಾಲ್ಕು ತಿಂಗಳು ನಿಂತುಬಿಟ್ಟರು. ತಮಗೆ ಯೋಗ್ಯತೆಯಿಲ್ಲವೆಂದು ಕೊರಗತೊಡಗಿದರು. ಆಗ ಮಾಸ್ತರರು ಅವರಿಗೆ ಬೇರೆಯ ದಾರಿಯನ್ನು ತೋರಿಸಿದರು. ಸಂಪುಟಗಳನ್ನು ಮೆಟ್ಟಿಲುಗಳೆಂದು ತಿಳಿದು ಒಂದರಿಂದ ಹದಿನೈದಕ್ಕೆ ಏರಬೇಕಾಗಿಲ್ಲ. ಐದನೆಯದಾದ ಶಿವಶರಣೆಯರ ವಚನ ಸಂಪುಟವನ್ನು ಮೊದಲು ತೆರೆಯಿರಿ. ಹದಿನೈದನೆಯದಾದ ವಚನ ಪರಿಭಾಷಾಕೋಶವನ್ನು ಪಕ್ಕದಲ್ಲಿಟ್ಟುಕೊಂಡು ತಿಳಿಯದ ಪದವನ್ನು ಅದರಲ್ಲಿ ನೋಡಿರಿ ಎಂದರು. ಅಂಗಡಿಯವರು ಹಾಗೆಯೇ ಮಾಡಿದರು. ಅಲ್ಲಿ ಅವರಿಗೆ ಆಯ್ದಕ್ಕಿ ಲಕ್ಕಮ್ಮ ದೊರೆತಳು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಆ ತಾಯಿಯ ನಿಷ್ಠುರತೆ ಅವರನ್ನು ಕಲಕಿತು. ಮುಂದಿನ ಸೋಮವಾರ ಅವರು ಕೂಟದಲ್ಲಿ ಹೇಳಿದ ಮಾತು ಚಿಕ್ಕದು: 'ತಕ್ಕಡಿ ಹಿಡಿಯೋ ಮಂದಿ ಎಲ್ಲಾರೂ ಇದನ್ನ ಓದಬೇಕ್ರಿ.' ವ್ಯಾಪಾರಿಯೊಬ್ಬನು ವ್ಯಾಪಾರಿಗಳಿಗೆ ಮಾಡಿದ ಈ ಶಿಫಾರಸು ಯಾವ ವಿಮರ್ಶೆಗೂ ಕಡಿಮೆಯಾದುದಲ್ಲ.

ಸಾರಿಗೆ ಬಸ್ಸಿನ ಕಂಡಕ್ಟರರೊಬ್ಬರು ಕಾದಂಬರಿಗಳ ಪ್ರೇಮಿ. ಬಿ. ಪುಟ್ಟಸ್ವಾಮಯ್ಯನವರು ಕಲ್ಯಾಣದ ಇತಿಹಾಸವನ್ನು ಕುರಿತು ಬರೆದ ಆರು ಕಾದಂಬರಿಗಳ ಮಾಲೆಯನ್ನು ಅವರು ನಿಲ್ದಾಣದ ಬೆಂಚಿನ ಮೇಲೆಯೇ ಓದಿ ಮುಗಿಸಿದರು. ಆ ಮಾಲೆಯ 'ಕ್ರಾಂತಿ ಕಲ್ಯಾಣ'ಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿದೆ. ವಚನವನ್ನು ನೇರವಾಗಿ ಓದಲು ಹಿಂಜರಿಯುವ ಯುವಕರಿಗೆ ಮೊದಲು ಇದನ್ನು ಕೊಡಬೇಕೆಂಬುದು ಅವರ ಅಭಿಪ್ರಾಯ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಚನ್ನಪ್ಪ ಉತ್ತಂಗಿಯವರ 'ಅನುಭವಮಂಟಪದ ಐತಿಹಾಸಿಕತೆ'ಯನ್ನು ಎಲ್ಲರಿಗೂ ಸೂಚಿಸುತ್ತಾರೆ. ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿಯವರು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಆ ಬಳಿಕ ಶರಣರ ವಚನಗಳಿಗೂ ತಮ್ಮನ್ನು ತೆತ್ತುಕೊಂಡರು. ಅನ್ಯಮತೀಯರೊಬ್ಬರು ಇಷ್ಟು ಶ್ರದ್ಧೆಯಿಂದ ಓದಿದ್ದನ್ನು ಲಿಂಗವಂತರ ಮನೆಯವರು ಓದದೆ ಇರುವುದು ಹೇಗೆ ಎಂಬುದು ಅವರ ಪ್ರಶ್ನೆ. ಇನ್ನೊಬ್ಬ ಹಿರಿಯ ತಾಯಿಯ ಮೊಮ್ಮಕ್ಕಳು ಅಮೆರಿಕದಲ್ಲಿ ಬೆಳೆಯುತ್ತಿದ್ದಾರೆ. ಅವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಆ ತಾಯಿಗೆ ಕೂಟದಲ್ಲಿ ದೊರೆತ ಸಲಹೆ ಎ. ಕೆ. ರಾಮಾನುಜನ್ ಅವರ 'ಸ್ಪೀಕಿಂಗ್ ಆಫ್ ಶಿವ'. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಈ ನಾಲ್ವರ ವಚನಗಳ ಇಂಗ್ಲಿಷ್ ಅನುವಾದವಿದು, 1973ರಲ್ಲಿ ಪ್ರಕಟವಾಯಿತು. ಈಗ ರವಿವಾರ ಫೋನಿನಲ್ಲಿ ಅಜ್ಜಿ ಕನ್ನಡದಲ್ಲಿ ಒಂದು ವಚನವನ್ನು ಹೇಳುತ್ತಾರೆ. ಮೊಮ್ಮಗಳು ಅದರ ಇಂಗ್ಲಿಷ್ ರೂಪವನ್ನು ಹುಡುಕಿ ಓದುತ್ತಾಳೆ. ಎರಡೂ ಒಂದೇ ಹೌದೋ ಅಲ್ಲವೋ ಎಂದು ಇಬ್ಬರೂ ಚರ್ಚಿಸುತ್ತಾರೆ.

ಕೂಟವು ಯಾವಾಗಲೂ ಸಮಾಧಾನದಿಂದ ನಡೆಯಿತೆಂದು ಹೇಳಲಾಗದು. ಪದವಿ ಓದುತ್ತಿದ್ದ ಯುವತಿಯೊಬ್ಬಳು ಗಿರೀಶ ಕಾರ್ನಾಡರ 'ತಲೆದಂಡ' ನಾಟಕವನ್ನು ತಂದ ದಿನ ಹಿರಿಯ ಭಕ್ತರೊಬ್ಬರು ಮುನಿದರು. ಮಠದ ಮಂಟಪದಲ್ಲಿ ನಾಟಕದ ಪುಸ್ತಕವೇಕೆ, ಅಣ್ಣನವರನ್ನು ರಂಗದ ಮೇಲೆ ತರಲು ಇವರಾರು ಎಂದು ಆಕ್ಷೇಪಿಸಿದರು. ಮಾಸ್ತರರು ಯುವತಿಯನ್ನೂ ತಡೆಯಲಿಲ್ಲ, ಹಿರಿಯರನ್ನೂ ಎದುರಿಸಲಿಲ್ಲ. ಓದದೆ ಹೊಗಳಬಾರದೆಂಬ ನಿಯಮವು ಓದದೆ ತೆಗಳುವುದಕ್ಕೂ ಅನ್ವಯಿಸುತ್ತದೆ ಎಂದಷ್ಟೇ ನೆನಪಿಸಿ ಪುಸ್ತಕವನ್ನು ಅವರ ಕೈಗೆ ಕೊಟ್ಟರು. ಹದಿನೈದು ದಿನಗಳ ಬಳಿಕ ಹಿರಿಯರು ಅದನ್ನು ಹಿಂದಿರುಗಿಸಿದರು. ನಾಟಕದ ಬಸವಣ್ಣನು ತಮ್ಮ ಮನಸ್ಸಿನ ಬಸವಣ್ಣನಲ್ಲ ಎಂಬ ಮಾತಿನಿಂದ ಅವರು ಕದಲಲಿಲ್ಲ. ಆದರೆ ಹರಳಯ್ಯ, ಮಧುವರಸರ ಮನೆಗಳ ಮದುವೆಯ ಭಾಗವನ್ನು ಓದಿದ ರಾತ್ರಿ ನಿದ್ರೆ ಬರಲಿಲ್ಲವೆಂದು ಒಪ್ಪಿಕೊಂಡರು. ಆ ಯುವತಿಗೆ ಹರಿಹರ ಕವಿಯ 'ಬಸವರಾಜದೇವರ ರಗಳೆ'ಯನ್ನು ತಮ್ಮ ಕಡೆಯಿಂದ ಓದಲು ಸೂಚಿಸಿದರು. ಭಿನ್ನಾಭಿಪ್ರಾಯಕ್ಕೆ ಪುಸ್ತಕದಿಂದಲೇ ಉತ್ತರ ಕೊಡುವ ಈ ಪದ್ಧತಿಯು ಇಂದಿನ ಸಮಾಜಕ್ಕೆ ಎಷ್ಟು ಅಗತ್ಯವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೀವಮಾನವನ್ನೆಲ್ಲ ವಚನಗಳ ಸಂಶೋಧನೆಗೆ ಮೀಸಲಿಟ್ಟ ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರೆಂಬುದನ್ನು ಮರೆಯಲಾದೀತೆ?

ಹೀಗೆ ನಡೆದು ಬಂದ ಕೂಟಕ್ಕೆ ಪರೀಕ್ಷೆಯ ಕಾಲವೊಂದು ಒದಗಿತು. ಮಾಸ್ತರರಿಗೆ ಓದುವಾಗ ಸಾಲಿನ ಕೊನೆಯ ಪದಗಳು ತಪ್ಪಿಹೋಗತೊಡಗಿದವು. ನಡೆಯುವಾಗ ಬಾಗಿಲ ಚೌಕಟ್ಟಿಗೆ ಭುಜ ತಾಗತೊಡಗಿತು. ವಯಸ್ಸಿನ ಮಂಜೆಂದು ತಿಳಿದು ಅವರು ಕನ್ನಡಕವನ್ನು ಬದಲಿಸಿದರು. ಕೊನೆಗೆ ಪರೀಕ್ಷಿಸಿದ ವೈದ್ಯರು ಅದು ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರವು ಕ್ಷೀಣಿಸುವ ಕಾಯಿಲೆ ಇದು. ಬಹುತೇಕ ನೋವಿಲ್ಲದೆಯೇ ಬರುತ್ತದೆ. ಮೊದಲು ಅಂಚಿನ ನೋಟವನ್ನು ಕಿತ್ತುಕೊಳ್ಳುತ್ತದೆ. ಹನಿ ಔಷಧದಿಂದ ಅದರ ವೇಗವನ್ನು ತಗ್ಗಿಸಬಹುದು. ಹೋದ ನೋಟವನ್ನು ಮರಳಿ ತರಲಾಗದು. ಮೋತಿಬಿಂದುವಿನಂತೆ ಶಸ್ತ್ರಚಿಕಿತ್ಸೆ ಮಾಡಿ ಬೆಳಕನ್ನು ಹಿಂದಿರುಗಿಸುವ ಮಾತು ಇದರಲ್ಲಿಲ್ಲ. ಮಾಸ್ತರರ ಪಾಲಿಗೆ ಹಾನಿಯು ಬಹಳ ಮುಂದುವರಿದಿತ್ತು. ನಲವತ್ತು ದಾಟಿದವರು, ಅದರಲ್ಲೂ ಮನೆತನದಲ್ಲಿ ಈ ಕಾಯಿಲೆ ಇದ್ದವರು, ನೋಟ ಚೆನ್ನಾಗಿದ್ದಾಗಲೇ ಕಣ್ಣನ್ನು ಪರೀಕ್ಷಿಸಿಕೊಳ್ಳಬೇಕೆಂದು ಅವರು ಅಂದಿನಿಂದ ಕೂಟದಲ್ಲಿ ಎಲ್ಲರಿಗೂ ಹೇಳುತ್ತ ಬಂದಿದ್ದಾರೆ.

ಉಳಿದಿರುವ ನೋಟದಲ್ಲಿ ಏನನ್ನು ಓದಬೇಕು? ಇದು ಅವರ ಮುಂದೆ ನಿಂತ ಪ್ರಶ್ನೆ. ಅವರ ಮನೆಯಲ್ಲಿ ನಾನೂರಕ್ಕೂ ಮಿಕ್ಕಿ ಪುಸ್ತಕಗಳಿದ್ದವು. ಓದದೆ ಬಿಟ್ಟ ಪುಸ್ತಕಗಳ ಪಟ್ಟಿಯನ್ನು ಅವರು ಮೊದಲು ಬರೆದರು. ಅದು ಮೂರು ಪುಟಗಳಾಯಿತು. ಅದನ್ನು ಹನ್ನೆರಡಕ್ಕೆ ಇಳಿಸಿದರು. ಕೊನೆಗೆ ಅದನ್ನೂ ಬದಿಗಿರಿಸಿ, ಮೊದಲೇ ಓದಿದ್ದ ಮೂರನ್ನು ಮಾತ್ರ ಮೇಜಿನ ಮೇಲೆ ಇಟ್ಟುಕೊಂಡರು. ಡಾ. ಎಲ್. ಬಸವರಾಜು ಅವರ 'ಅಲ್ಲಮನ ವಚನ ಚಂದ್ರಿಕೆ', ಗೂಳೂರರ 'ಶೂನ್ಯಸಂಪಾದನೆ' ಮತ್ತು ಶಿವಶರಣೆಯರ ಸಂಪುಟ. ಹೊಸತನ್ನು ಬಿಟ್ಟು ಹಳೆಯದನ್ನೇಕೆ ಆರಿಸಿದಿರೆಂದು ಕೇಳಿದವರಿಗೆ ಅವರು ಕೊಟ್ಟ ಉತ್ತರ ಇದು: ಕಣ್ಣು ಮುಚ್ಚಿದ ಮೇಲೂ ಒಳಗೆ ತೆರೆದಿರಬೇಕಾದ ಪುಸ್ತಕ ಯಾವುದೋ ಅದನ್ನೇ ಈಗ ಓದಬೇಕು, ಒಮ್ಮೆ ಓದಿದ್ದು ನೆನಪಿನಲ್ಲಿ ನಿಲ್ಲುವುದಿಲ್ಲ, ಹತ್ತು ಸಲ ಓದಿದ್ದು ನಿಲ್ಲುತ್ತದೆ. ಭೂತಗನ್ನಡಿಯನ್ನು ಹಿಡಿದು, ಸಾಲಿನ ಕೆಳಗೆ ಕರಿಯ ರಟ್ಟಿನ ಪಟ್ಟಿಯನ್ನಿಟ್ಟು, ದಿನಕ್ಕೆ ಎರಡು ಪುಟದಂತೆ ಅವರು ಆ ಮೂರನ್ನು ಓದಿದರು. ಮುಂದೆ ಎರಡು ಪುಟ ಒಂದಾಯಿತು, ಒಂದು ಪುಟ ನಾಲ್ಕು ಸಾಲಾಯಿತು.

ಒಂದು ಸೋಮವಾರ ತಮ್ಮ ಸರದಿ ಬಂದಾಗ ಮಾಸ್ತರರು, 'ಈ ವಾರ ಏನೂ ಓದಿಲ್ಲ. ಇನ್ನು ಮುಂದ ನನ್ನ ಸರದಿ ಬಿಟ್ಟು ಮುಂದಿನವರಿಗೆ ಹೋಗ್ರಿ' ಎಂದರು. ಹನ್ನೊಂದು ವರ್ಷಗಳಲ್ಲಿ ಆ ಮಾತು ಅವರ ಬಾಯಿಂದ ಬಂದುದು ಅದೇ ಮೊದಲು. ಸಭೆಯಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಆಗ ಮಾತನಾಡಿದವರು ವರ್ತುಲದಲ್ಲಿ ಕುಳಿತವರಲ್ಲ. ಮಠದ ಪ್ರಸಾದಕ್ಕೆ ರೊಟ್ಟಿ ಬಡಿಯುವ ತಾಯಿಯೊಬ್ಬಳು ಕೆಲಸ ಮುಗಿಸಿ ಪ್ರತಿ ಸೋಮವಾರ ಬಾಗಿಲ ಬಳಿ ಕುಳಿತು ಕೇಳುತ್ತಿದ್ದಳು. ಆಕೆ ಎಂದೂ ತುಟಿ ಬಿಚ್ಚಿದವಳಲ್ಲ. ಅಂದು ಆಕೆ ಹೇಳಿದಳು: 'ಮಾಸ್ತರ್ರೀ, ನನಗ ಒಂದಕ್ಷರ ಬರಂಗಿಲ್ರೀ. ಆದ್ರ ನೀವು ಮಾತಾಡಿದ್ದೆಲ್ಲಾ ಇಲ್ಲಿ ಕುಂತು ಕೇಳೀನಿ. ಮನ್ಯಾಗ ನಾ ರೊಟ್ಟಿ ಬಡೀತೀನಿ, ಮಗಳು ಪುಸ್ತಕ ಓದ್ತಾಳ. ಅಕ್ಕನ ಕಥಿ ಮುಗಿಯಾಕ ಬಂದೈತಿ. ಹಂಗಾರ ನಾನೂ ಓದಿಲ್ಲಂತೀರೇನ್ರೀ?'

ಅಕ್ಕನ ಕಥೆಯೆಂದರೆ ಡಾ. ಎಚ್. ತಿಪ್ಪೇರುದ್ರಸ್ವಾಮಿಯವರ 'ಕದಳಿಯ ಕರ್ಪೂರ'. ಪ್ರೌಢಶಾಲೆಯಲ್ಲಿ ಓದುವ ಆಕೆಯ ಮಗಳು ಅದನ್ನು ಕೂಟದ ವಹಿಯಲ್ಲಿ ತಾಯಿಯ ಹೆಸರಿಗೇ ಬರೆಸಿ ಒಯ್ದಿದ್ದಳು. ಮಾಸ್ತರರು ಕಥೆಯ ಬಗ್ಗೆ ಪ್ರಶ್ನಿಸಿದಾಗ ಆ ತಾಯಿ ಅಳುಕಿಲ್ಲದೆ ಉತ್ತರಿಸಿದಳು. ಅಕ್ಕ ಮನೆ ಬಿಟ್ಟು ಹೊರಟಾಗ ಅವಳ ತಾಯಿಯ ಸಂಕಟವೇ ತನಗೆ ಹೆಚ್ಚು ತಾಗಿತೆಂದೂ, ಹೆಣ್ಣುಮಕ್ಕಳನ್ನು ಹೆತ್ತವರೆಲ್ಲ ಇದನ್ನು ಕೇಳಬೇಕೆಂದೂ ಹೇಳಿದಳು. ಕೂಟದ ಎರಡನೆಯ ನಿಯಮವನ್ನು ಇಷ್ಟು ಚೆನ್ನಾಗಿ ಪಾಲಿಸಿದವರು ಆವರೆಗೆ ಇರಲಿಲ್ಲವೆಂದರೆ ಅತಿಶಯೋಕ್ತಿಯಾಗದು.

ಆ ತಾಯಿಯ ಪ್ರಶ್ನೆಯಲ್ಲಿ ತತ್ತ್ವವೊಂದು ಅಡಗಿದೆ. ವಚನವೆಂಬ ಶಬ್ದದ ಅರ್ಥವೇ ಮಾತು. ತಾಳೆಗರಿಗೆ ಏರುವ ಮೊದಲು ಅದು ನಾಲಗೆಯ ಮೇಲಿತ್ತು, ಕಿವಿಯಲ್ಲಿತ್ತು. ಮಡಿವಾಳರು, ಅಂಬಿಗರು, ನುಲಿಯ ಹೊಸೆಯುವವರು, ಕಟ್ಟಿಗೆ ಮಾರುವವರು ಕೂಡಿದ ಆ ಸಭೆಗೆ ಮಾತೇ ಗ್ರಂಥವಾಗಿತ್ತು. ಕೇಳುವವನನ್ನು ಓದುಗನಿಗಿಂತ ಕೆಳಗಿನವನೆಂದು ಎಣಿಸುವುದು ಶರಣ ಪರಂಪರೆಗೆ ಒಪ್ಪುವ ಮಾತಲ್ಲ. ಮಾಸ್ತರರಿಗೆ ಇದು ತಿಳಿಯದ ಸಂಗತಿಯೇನಲ್ಲ; ಮಕ್ಕಳಿಗೆ ಅವರೇ ಎಷ್ಟೋ ಸಲ ಬೋಧಿಸಿದ್ದರು. ಆದರೆ ಬೋಧಿಸಿದ ಮಾತು ತನ್ನ ಮೇಲೆಯೇ ಬಂದಾಗ ಅದನ್ನು ಒಪ್ಪುವುದು ಕಷ್ಟ. ಅವರು ಎರಡು ವಾರ ಕೂಟಕ್ಕೆ ಬರಲಿಲ್ಲ. ಮೂರನೆಯ ವಾರ ಬಂದು ಬಾಗಿಲ ಬಳಿ ಕುಳಿತಿದ್ದ ಆ ತಾಯಿಯನ್ನು ವರ್ತುಲದೊಳಗೆ ಕರೆದು ಕೂರಿಸಿದರು. ಅವಳ ಮಗಳಿಗೆ ಸಂಜೆಯ ಹೊತ್ತು ತಮ್ಮ ಮನೆಗೆ ಬಂದು ಒಂದು ತಾಸು ಓದಿ ಹೇಳಲಾಗುವುದೇ ಎಂದು ವಿನಯದಿಂದ ಕೇಳಿದರು.

ಆ ಬಾಲಕಿಯ ಓದು ಆರಂಭದಲ್ಲಿ ಸುಗಮವಾಗಿರಲಿಲ್ಲ. ಅವಳು ಪೂರ್ಣವಿರಾಮಗಳನ್ನು ನುಂಗಿ ಓಡುತ್ತಿದ್ದಳು. ಮಹಾಪ್ರಾಣಗಳನ್ನು ಅಲ್ಪಪ್ರಾಣ ಮಾಡುತ್ತಿದ್ದಳು. ಮಾಸ್ತರರು ತಿದ್ದುತ್ತಿದ್ದರು. ಕೆಲವೊಮ್ಮೆ ಅವಳು ಓದನ್ನು ನಿಲ್ಲಿಸಿ, 'ಇದರ ಅರ್ಥ ಏನ್ರೀ ಸರ್?' ಎಂದು ಕೇಳುತ್ತಿದ್ದಳು. ಒಬ್ಬರೇ ಓದುವಾಗ ಅರ್ಥವಾಯಿತೆಂದು ದಾಟಿ ಹೋಗಿದ್ದ ಎಷ್ಟೋ ಕಡೆ ಅವಳ ಪ್ರಶ್ನೆಯಿಂದಾಗಿ ನಿಲ್ಲಬೇಕಾಯಿತು. ನಲವತ್ತು ವರ್ಷಗಳಿಂದ ತಿಳಿದಿದೆಯೆಂದುಕೊಂಡಿದ್ದ ಪದಗಳಿಗಾಗಿ ಪರಿಭಾಷಾಕೋಶವನ್ನು ತೆರೆಸಬೇಕಾಯಿತು. ಈಗ ಸೋಮವಾರದ ಕೂಟದಲ್ಲಿ ಮಾಸ್ತರರ ಸರದಿ ತಪ್ಪುವುದಿಲ್ಲ. 'ಈ ವಾರ ನಾವಿಬ್ಬರೂ ಕೂಡಿ ಓದಿದ್ದು' ಎಂದು ಅವರು ಆರಂಭಿಸುತ್ತಾರೆ.

ಇನ್ನು ಉಳಿದದ್ದು ಮನೆಯ ನಾನೂರು ಪುಸ್ತಕಗಳ ಪ್ರಶ್ನೆ. ಬೆಂಗಳೂರಿನಲ್ಲಿರುವ ಮಗನು ಅವನ್ನು ತನ್ನ ಮನೆಗೆ ಒಯ್ದು ಗಾಜಿನ ಕಪಾಟಿನಲ್ಲಿ ತಂದೆಯ ನೆನಪಿಗಾಗಿ ಇಡುತ್ತೇನೆಂದನು. ಅದು ಪ್ರೀತಿಯ ಮಾತು. ಮಠದ ಗ್ರಂಥಾಲಯಕ್ಕೆ ಒಟ್ಟಾಗಿ ಕೊಡಬೇಕೆಂದು ಕೆಲವರು ಸೂಚಿಸಿದರು. ಅದೂ ಯೋಗ್ಯವಾದ ಮಾತು. ಮಾಸ್ತರರು ಬಹಳ ದಿನ ಯೋಚಿಸಿ ಮೂರನೆಯ ದಾರಿಯನ್ನು ಹಿಡಿದರು. ಮಗನಿಗೆ ಅವನು ಬಾಲ್ಯದಲ್ಲಿ ಓದಿದ್ದ ಒಂದು ಪುಸ್ತಕವನ್ನು ಕೊಟ್ಟು, ಮಿಕ್ಕವನ್ನು ಕೂಟದ ಓದುಗರಿಗೆ, ಅವರವರಿಗೆ ತಕ್ಕುದನ್ನು ಆರಿಸಿ, ಹಂಚಿದರು. ಯಾವುದು ಯಾರ ಮನೆಯಲ್ಲಿದೆ ಎಂಬುದು ವಹಿಯಲ್ಲಿದೆ. ಕೇಳಿದವರಿಗೆ ಕೊಡಬೇಕೆಂಬುದು ಒಂದೇ ಕರಾರು.

ಪುಸ್ತಕಗಳು ಚದುರಿದರೆ ಕಳೆದುಹೋಗುವುದಿಲ್ಲವೇ ಎಂದು ಕೆಲವರು ಮರುಗಿದರು. ಅದಕ್ಕೆ ಅವರು ಕಲ್ಯಾಣದ ಕಥೆಯನ್ನೇ ನೆನಪಿಸಿದರು. 12ನೆಯ ಶತಮಾನದ ಆ ವಿಪ್ಲವದ ಬಳಿಕ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೂ ಬೇರೆ ಬೇರೆ ದಿಕ್ಕಿಗೂ ಹೋದರೆಂಬುದು ಪರಂಪರೆಯ ನಂಬಿಕೆ. ಒಂದೇ ಕಡೆ ಇದ್ದಿದ್ದರೆ ಒಂದೇ ಬೆಂಕಿಗೆ, ಒಂದೇ ಗೆದ್ದಲಿಗೆ ಎಲ್ಲವೂ ಮುಗಿಯುತ್ತಿತ್ತು. ನೂರಾರು ಮನೆಗಳಲ್ಲಿ ಹರಡಿದ್ದರಿಂದಲೇ ಏಳು ನೂರು ವರ್ಷಗಳ ಮೇಲೆಯೂ ಹಳಕಟ್ಟಿಯವರ ಕೈಗೆ ಒಂದು ಮನೆಯಲ್ಲಿ ಸಿಗದ್ದು ಇನ್ನೊಂದು ಮನೆಯಲ್ಲಿ ಸಿಕ್ಕಿತು. ಅಂಚಿನಲ್ಲಿ ಪೆನ್ಸಿಲಿನಿಂದ ಟಿಪ್ಪಣಿ ಬರೆದಿದ್ದ ತಮ್ಮ 'ವಚನ ಚಂದ್ರಿಕೆ'ಯನ್ನು ಕೊಡುವಾಗ ಮಾತ್ರ ಮಾಸ್ತರರ ಕೈ ಕ್ಷಣಕಾಲ ತಡೆಯಿತು. ಆ ಟಿಪ್ಪಣಿಗಳನ್ನು ಅವರು ಇನ್ನು ಓದಲಾರರು. ಅದು ರೊಟ್ಟಿ ಬಡಿಯುವ ತಾಯಿಯ ಮಗಳ ಪಾಲಿಗೆ ಹೋಯಿತು. ಮೊದಲ ಪುಟದಲ್ಲಿ ಅವರು ತಡವರಿಸುತ್ತ ತಮ್ಮ ಹೆಸರಿನ ಕೆಳಗೆ ಅವಳ ಹೆಸರನ್ನು ಬರೆದು, ಅದರ ಕೆಳಗೆ ಜಾಗವನ್ನು ಬಿಟ್ಟಿದ್ದಾರೆ.

ಶ್ರೀಮಠದ ಸದ್ಭಕ್ತರು ಇದರಿಂದ ಗ್ರಹಿಸಬೇಕಾದುದು ಕಠಿಣವಾದುದೇನಲ್ಲ. ಮನೆಯಲ್ಲಿರುವ ಪುಸ್ತಕವನ್ನು ಹಬ್ಬದ ದಿನ ಪೂಜಿಸಿದರೆ ಸಾಲದು, ಅದನ್ನು ತೆರೆಯಬೇಕು. ತೆರೆದು ಓದಿದ್ದನ್ನು ಒಬ್ಬರಿಗಾದರೂ ಹೇಳಬೇಕು. ಹೊಸಬರು ಶರಣೆಯರ ವಚನಗಳಿಂದ ಆರಂಭಿಸಬಹುದು. ಕಥೆಯನ್ನು ಮೆಚ್ಚುವವರು 'ಕದಳಿಯ ಕರ್ಪೂರ', 'ಕ್ರಾಂತಿ ಕಲ್ಯಾಣ'ಗಳನ್ನು ಹಿಡಿಯಬಹುದು. ವಿಚಾರದ ಆಸಕ್ತಿಯುಳ್ಳವರು ಉತ್ತಂಗಿ, ಕಲಬುರ್ಗಿಯವರ ಬರಹಗಳಿಗೆ ಹೋಗಬಹುದು. ಸಾಧನೆಯ ಹಂಬಲವುಳ್ಳವರಿಗೆ 'ಶೂನ್ಯಸಂಪಾದನೆ' ಕಾದಿದೆ. ಕಣ್ಣು ಮಸುಕಾದ ಹಿರಿಯರು ಮನೆಯಲ್ಲಿದ್ದರೆ ಅವರಿಗೆ ದಿನಕ್ಕೆ ಒಂದು ಪುಟವನ್ನು ಓದಿ ಹೇಳುವುದು ಮಕ್ಕಳ ನಿತ್ಯ ಕಾಯಕವಾಗಲಿ. ಅಕ್ಷರ ಬಾರದವರು ಪಕ್ಕದಲ್ಲಿದ್ದರೆ ಅವರನ್ನು ಕರೆದು ಕೂರಿಸಿಕೊಳ್ಳಲಿ. ಎರವಲು ತಂದ ಪುಸ್ತಕವೊಂದು ಕಪಾಟಿನಲ್ಲಿ ಉಳಿದಿದ್ದರೆ ಈ ವಾರವೇ ಅದನ್ನು ಹಿಂದಿರುಗಿಸಲಿ. ಬರಿಗೈಯಲ್ಲಿ ಹಿಂದಿರುಗಿಸದೆ, ಓದಿ ಅನಿಸಿದ ಎರಡು ಮಾತುಗಳೊಂದಿಗೆ ಹಿಂದಿರುಗಿಸಲಿ.